ಮಗನೋ ಚರ್ಚೋ ಎಂದು ಯಾರೂ ನಿಮ್ಮನ್ನು ಕೇಳಿಲ್ಲ

ಪ್ರಶ್ನೆ: ಮಂಗಳೂರಿನ ಹತ್ತಿರದ ಹಳ್ಳಿ ನಮ್ಮದು. ಕಥೋಲಿಕ ಕುಟುಂಬ. ನನಗೆ 54 ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ 27 ವರ್ಷದ ಮಗ ಮೊಂತಿ ಹಬ್ಬಕ್ಕೆ ಬಂದಿದ್ದಾಗ, ‘ನಾನು ಗೇ, ನನಗೆ ಹುಡುಗಿ ನೋಡಬೇಡಿ’ ಎಂದ. ಅವನ ಜೊತೆ ಒಬ್ಬ ಹುಡುಗ ಇದ್ದಾನಂತೆ. ಚಿಕ್ಕವನಿದ್ದಾಗ ಪೂಜೆಯಲ್ಲಿ ಫಾದರ್‌ಗೆ ನೆರವಾಗುತ್ತಿದ್ದವನು ಈಗ ಪರಮಪ್ರಸಾದಕ್ಕೂ ಏಳುವುದಿಲ್ಲ. ಗಂಡನಿಗೆ ಹೇಳಿಲ್ಲ. ನನ್ನ ಅಕ್ಕನಿಗೆ ಮಾತ್ರ ಹೇಳಿದೆ. ‘ಪ್ರಾರ್ಥನೆಯ ರಿಟ್ರೀಟ್‌ಗೆ ಕರೆದುಕೊಂಡು ಹೋಗು, ಬೇಗ ಮದುವೆ ಮಾಡಿಸು’ ಎನ್ನುತ್ತಾಳೆ. ಇಂಥವರನ್ನು ಒಪ್ಪಿಕೊಳ್ಳಲು ಧರ್ಮ ಬದಲಾಗಬೇಕಾ? ನಾನು ಮಗನನ್ನು ಉಳಿಸಿಕೊಳ್ಳಲೋ, ಚರ್ಚನ್ನೋ?

ಉತ್ತರ: ಪ್ರಿಯ ಸೋದರಿ,

ಮದುವೆ ವಿಷಯ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ವರ್ಷಗಟ್ಟಲೆ ತಳ್ಳುವ ಹುಡುಗರು ಬೇಕಾದಷ್ಟಿದ್ದಾರೆ. ನಿಮ್ಮ ಮಗ ಹಾಗೆ ಮಾಡಲಿಲ್ಲ. ಮನೆಗೆ ಬಂದು, ಎದುರು ಕೂತು ಹೇಳಿದ. ಅಮ್ಮನ ಮೇಲೆ ನಂಬಿಕೆ ಇಲ್ಲದವರು ಹೀಗೆ ಹೇಳುವುದಿಲ್ಲ. ಇದನ್ನು ದಯವಿಟ್ಟು ಮರೆಯಬೇಡಿ.

ಮೊದಲು ತುರ್ತಿನ ಮಾತು. ಅವನನ್ನು ‘ಸರಿಮಾಡಿಸಲು’ ಎಲ್ಲಿಗೂ ಕರೆದುಕೊಂಡು ಹೋಗಬೇಡಿ. ತಾನಾಗಿ ಪ್ರಾರ್ಥನೆಗೆ ಹೋದರೆ ಹೋಗಲಿ, ಅದು ಬೇರೆ. ಸರಿಮಾಡಲು ಅಲ್ಲಿ ಏನೂ ಕೆಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿದೆ. ‘ಬದಲಾಯಿಸಿ ಕೊಡುತ್ತೇನೆ’ ಎನ್ನುವ ವೈದ್ಯರದ್ದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಇಂಥ ‘ಚಿಕಿತ್ಸೆ’ಯಿಂದ ಹುಡುಗರು ಗುಣವಾಗುವುದಿಲ್ಲ. ಕುಗ್ಗಿ ಹೋಗುತ್ತಾರೆ. ಮನೆಯವರ ಮುಖ ನೋಡುವುದನ್ನೂ ಬಿಡುತ್ತಾರೆ.

ಇನ್ನು ಮದುವೆ. ನಿಮ್ಮ ಅಕ್ಕನ ಸಲಹೆಯಲ್ಲಿ ಆ ಹುಡುಗಿಯ ಲೆಕ್ಕವೇ ಇಲ್ಲ. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ತೆಂಗಿನ ಹಾಲು ಹಚ್ಚಿಸಿಕೊಂಡು ನಗುತ್ತಾ ಕೂರುವವಳು ಯಾರದೋ ಮನೆ ಮಗಳು. ಗಂಡ ಯಾಕೆ ಹತ್ತಿರ ಬರುವುದಿಲ್ಲ ಎಂದು ಆಕೆ ರಾತ್ರಿಯೆಲ್ಲ ತನ್ನಲ್ಲೇ ತಪ್ಪು ಹುಡುಕುತ್ತಾಳೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ತವರಿಗೆ ಬಂದರೆ ‘ಹೊಂದಿಕೊಂಡು ಹೋಗು’ ಎನ್ನುವ ಮಾತು ಬೇರೆ. ಚರ್ಚಿನ ಹೆಸರಿನಲ್ಲಿ ಈ ಮದುವೆ ಮಾಡಿಸಬೇಡಿ. ಇಂಥ ದೊಡ್ಡ ವಿಷಯ ಮುಚ್ಚಿಟ್ಟು ವಂಚಿಸಿ ಮಾಡಿದ ಮದುವೆ ಅಸಿಂಧು ಎನ್ನಲು ಚರ್ಚಿನ ಕಾನೂನಿನಲ್ಲೇ ದಾರಿಯಿದೆ.

ಧರ್ಮ ಬದಲಾಗಬೇಕಾ ಎಂದು ಕೇಳಿದ್ದೀರಿ. ಬದಲಾಗಬೇಕು ಎಂದೇ ನಾನು ನಂಬಿದ್ದೇನೆ. ಆದರೆ ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಇವತ್ತಿನ ಬೋಧನೆ ನಿಮ್ಮ ಮಗನಿಗೆ ಕಠಿಣವಾಗಿಯೇ ಇದೆ. ಚರ್ಚಿನ ಬೋಧನೆಗಳ ಅಧಿಕೃತ ಗ್ರಂಥವಾದ 1992ರ ಕ್ಯಾಟೆಕಿಸಮ್ ಗಂಡು-ಗಂಡಿನ ದೈಹಿಕ ಸಂಬಂಧವನ್ನು ಒಪ್ಪುವುದಿಲ್ಲ. ಒಂಟಿಯಾಗಿ ಬ್ರಹ್ಮಚರ್ಯದಲ್ಲಿರು ಎನ್ನುತ್ತದೆ. 27ರ ಹುಡುಗನಿಗೆ ಜೀವನವಿಡೀ ಒಬ್ಬನೇ ಇರು ಎನ್ನುವುದು ಸಣ್ಣ ಮಾತಲ್ಲ. ಅದೇ ಕ್ಯಾಟೆಕಿಸಮ್ ಇನ್ನೊಂದನ್ನೂ ಹೇಳುತ್ತದೆ: ಇವರನ್ನು ಗೌರವದಿಂದ, ಕನಿಕರದಿಂದ, ನವಿರಾಗಿ ಸ್ವೀಕರಿಸಬೇಕು, ಅನ್ಯಾಯದ ಭೇದಭಾವ ಕೂಡದು. ಮೊದಲನೆಯ ಮಾತು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಎಷ್ಟು ಜನ ಹೇಳುತ್ತಾರೆ?

‘ಚರ್ಚು ಬದಲಾಗುವುದೇ ಇಲ್ಲ’ ಎಂಬ ಮಾತೂ ಸರಿಯಲ್ಲ. ನಿಮ್ಮ ಅಮ್ಮನನ್ನು ಅಥವಾ ದೊಡ್ಡಮ್ಮನನ್ನು ಕೇಳಿ ನೋಡಿ. ಅವರು ಹುಡುಗಿಯರಾಗಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿತ್ತು. ಕೊಂಕಣಿ, ಕನ್ನಡದ ಪೂಜೆ ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಭಾಷೆ ಬದಲಾದರೇನು, ಬೋಧನೆ ಬದಲಾಯಿತಾ ಎಂದು ಯಾರಾದರೂ ಕೇಳಬಹುದು. ಕೇಳಲಿ. ಮರಣದಂಡನೆಗೆ ಶತಮಾನಗಳ ಕಾಲ ಒಪ್ಪಿಗೆಯಿತ್ತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಕ್ಯಾಟೆಕಿಸಮ್ಮನ್ನೇ ತಿದ್ದಿ, ಅದು ಒಪ್ಪತಕ್ಕದ್ದಲ್ಲ ಎಂದು ಬರೆಸಿದರು.

ಇನ್ನೊಂದು ಬದಲಾವಣೆ ನನ್ನನ್ನು ಜಾಸ್ತಿ ತಟ್ಟುತ್ತದೆ. ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ 1917ರ ಚರ್ಚ್ ಕಾನೂನು ಧಾರ್ಮಿಕ ಅಂತ್ಯಕ್ರಿಯೆಯನ್ನೇ ನಿರಾಕರಿಸುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಗೆ ಪ್ರಾರ್ಥನೆಯ ಸಮಾಧಾನವೂ ಇರಲಿಲ್ಲ. 1983ರ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಅದರಿಂದ ಯಾರ ನಂಬಿಕೆ ಸಡಿಲವಾಯಿತು? ಎಷ್ಟೋ ಮನೆಗಳಲ್ಲಿ ಜನ ಸಮಾಧಾನದಿಂದ ಅತ್ತರು, ಅಷ್ಟೇ. ಮನುಷ್ಯರ ನೋವನ್ನು ಹತ್ತಿರದಿಂದ ನೋಡಿದಾಗಲೆಲ್ಲ ಧರ್ಮ ಬದಲಾಗಿದೆ. ನಿಮ್ಮ ಮಗನಂಥವರ ವಿಷಯದಲ್ಲೂ ಹಾಗೆ ನೋಡಲೇಬೇಕು.

ನೋಡುವುದು ಶುರುವಾಗಿದೆ ಕೂಡ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಪೋಪ್ ಫ್ರಾನ್ಸಿಸ್ 2023ರಲ್ಲಿ ಹೇಳಿದರು. ಅದೇ ವರ್ಷ ಡಿಸೆಂಬರ್ 18ರಂದು, ಇಂಥ ಜೋಡಿ ಕೇಳಿಕೊಂಡರೆ ಗುರುಗಳು ಆಶೀರ್ವದಿಸಬಹುದು ಎಂದು ವ್ಯಾಟಿಕನ್ ಪ್ರಕಟಿಸಿತು. ಮದುವೆಯ ವಿಧಿ ಅಲ್ಲ, ಸುಮ್ನೆ ಒಂದು ಆಶೀರ್ವಾದ. ಅಷ್ಟಕ್ಕೇ ಆಫ್ರಿಕಾದ ಬಿಷಪ್‌ಗಳು ಆಗುವುದಿಲ್ಲ ಎಂದರು. ಬೇಗ ಮುಗಿಯುವ ಕೆಲಸ ಇದಲ್ಲ. ನಿಮ್ಮ ಮಗನ ಜೀವನ ಮಾತ್ರ ಅಲ್ಲಿಯವರೆಗೆ ನಿಂತು ಕಾಯುವುದಿಲ್ಲ.

ಹಾಗಾಗಿ ಚರ್ಚು ತೀರ್ಮಾನಿಸಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಅಮ್ಮನ ಪಾಲಿನ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮಂಥ ತಂದೆತಾಯಿಯ ಬಗ್ಗೆಯೇ 2022ರ ಜನವರಿ 26ರಂದು ಪೋಪ್ ಮಾತಾಡಿದ್ದರು. ಮಕ್ಕಳ ಒಲವು ಬೇರೆ ಎಂದು ತಿಳಿದಾಗ ಖಂಡಿಸುತ್ತಾ ಕೂರಬಾರದು, ಅವರ ಜೊತೆಗಿರಬೇಕು ಎಂಬುದು ಅವರ ಮಾತಿನ ಸಾರ. ಮಗನ ಜೊತೆ ನಿಂತರೆ ನೀವು ಚರ್ಚಿಗೆ ಬೆನ್ನು ಹಾಕಿದಂತೆ ಆಗುವುದೇ ಇಲ್ಲ.

ಅಂದಹಾಗೆ, ಅಕ್ಕನಿಗೆ ಹೇಳಿದ್ದು ಮಗನಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನೀವೇ ತಿಳಿಸಿ. ಬೇರೆಯವರ ಬಾಯಿಂದ ಕೇಳಿದರೆ ಅವನಿಗೆ ನೋವು ಜಾಸ್ತಿ. ಅಕ್ಕನಿಗೂ, ಇದು ವಾಳೆಯವರ (ನಮ್ಮ ಚರ್ಚಿನ ನೆರೆಹೊರೆಯ ಮನೆಗಳವರ) ಕಿವಿಗೆ ಬೀಳಕೂಡದು ಎಂದು ಖಡಾಖಂಡಿತವಾಗಿ ಹೇಳಿಬಿಡಿ. ಅಪ್ಪನಿಗೆ ಯಾವಾಗ ಹೇಳಬೇಕು, ಯಾರು ಹೇಳಬೇಕು ಎಂಬುದನ್ನು ಮಗನೇ ತೀರ್ಮಾನಿಸಲಿ. ‘ನಾನು ಪಕ್ಕದಲ್ಲಿರುತ್ತೇನೆ’ ಎಂದು ನೀವು ಹೇಳಿದರೆ ಅವನಿಗೆ ಅರ್ಧ ಧೈರ್ಯ ಬರುತ್ತದೆ. ಪರಮಪ್ರಸಾದಕ್ಕೆ ಏಳು ಎಂದು ಒತ್ತಾಯ ಮಾಡಬೇಡಿ. ಪೂಜೆಗೆ ಬಂದರೆ ಪಕ್ಕದಲ್ಲಿ ಕೂರಿ. ಬರಲ್ಲ ಎಂದರೆ ಮನೆಗೆ ಬಂದಾಗ ಊಟ ಬಡಿಸಿ, ಅದೇ ವಿಷಯ ಎತ್ತಬೇಡಿ.

ಪತ್ರದಲ್ಲಿ ‘ಒಬ್ಬ ಹುಡುಗ’ ಎಂದಷ್ಟೇ ಬರೆದಿದ್ದೀರಿ. ಮುಂದಿನ ಸಲ ಫೋನ್ ಮಾಡಿದಾಗ ಅವನ ಹೆಸರೇನು, ಊರು ಯಾವುದು ಎಂದು ಕೇಳಿ. ಮಗ ಸೊಸೆಯಾಗುವವಳ ಸುದ್ದಿ ತಂದಿದ್ದರೆ ಕೇಳುತ್ತಿದ್ದಿರಲ್ವಾ?

ನಿಮ್ಮ ಭಾರವನ್ನೂ ಎಲ್ಲಾದರೂ ಇಳಿಸಬೇಕು. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಫಾದರ್ ಯಾರ ಮುಂದೆಯೂ ಬಾಯಿಬಿಡುವಂತಿಲ್ಲ. ನಿಮ್ಮ ಚರ್ಚಿನಲ್ಲಿ ಸಂಕೋಚವಾದರೆ ಗುರುತಿಲ್ಲದ ಬೇರೆ ಚರ್ಚಿಗೆ ಹೋಗಿ. ಒಬ್ಬರು ಗದರಿದರೆ ಅದೇ ಕೊನೆ ಎಂದುಕೊಳ್ಳಬೇಡಿ, ಇನ್ನೊಬ್ಬರ ಹತ್ತಿರ ಹೋಗಿ. ತಾಳ್ಮೆಯಿಂದ ಕೇಳುವ ಗುರುಗಳು ಇದ್ದಾರೆ.