ಪ್ರತಿಕ್ರಿಯೆ: ಎಂಸಿಎಚ್ ಬಿಟ್ಟು ಫೆಲೋಶಿಪ್ ಮಾಡಿದರೆ ಸಾಲದೇ?

ನಮಸ್ಕಾರ. ನಿಮ್ಮ ಮಗ ಹುಬ್ಬಳ್ಳಿಯಲ್ಲಿ ಎಂಎಸ್ ಜನರಲ್ ಸರ್ಜರಿ ಮುಗಿಸುತ್ತಿದ್ದಾನೆ, ಮುಂಬೈಗೆ ಬಂದು ಎಂಸಿಎಚ್ (ಎಂಎಸ್ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಬದಲು ಯುರಾಲಜಿ (ಕಿಡ್ನಿ, ಮೂತ್ರನಾಳದ ಸರ್ಜರಿ) ಫೆಲೋಶಿಪ್ ಮಾಡಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಯುರಾಲಜಿಸ್ಟ್ ಆಗಲು ಎಂಸಿಎಚ್ ಅಥವಾ ಅದಕ್ಕೆ ಸಮನಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಆರ್‌ಎನ್‌ಬಿ ಬೇಕು. ಎರಡೂ 3 ವರ್ಷ, ಎರಡಕ್ಕೂ ನೀಟ್ ಎಸ್‌ಎಸ್ ಒಂದೇ ಪ್ರವೇಶ ಪರೀಕ್ಷೆ. ಫೆಲೋಶಿಪ್ ಅದರ ನಂತರದ್ದು. ರೋಬೋಟಿಕ್ ಸರ್ಜರಿ, ಕ್ಯಾನ್ಸರ್, ಮಕ್ಕಳ ಯುರಾಲಜಿ, ಹೀಗೆ ಒಂದರಲ್ಲಿ ಕೈ ಪಳಗಿಸಲು ಅದು.

ಮುಂಬೈನಲ್ಲಿ ಕೆಇಎಂ, ಸಯನ್, ನಾಯರ್ ಮೂರೂ ಮಹಾನಗರ ಪಾಲಿಕೆಯ ಆಸ್ಪತ್ರೆಗಳು. ರೋಗಿಗಳು ತುಂಬಾ ಜಾಸ್ತಿ, ಕಲಿಯುವವನಿಗೆ ಅದೇ ಆಸ್ತಿ. ಆದರೆ ಸೀಟು ಆರಿಸುವ ಮೊದಲು ಅಲ್ಲಿನ ಸೀನಿಯರ್ ರೆಸಿಡೆಂಟ್‌ಗಳನ್ನು ಒಂದು ಮಾತು ಕೇಳಲಿ: ಪಿಸಿಎನ್‌ಎಲ್‌ನಲ್ಲಿ (ಸಣ್ಣ ರಂಧ್ರದ ಮೂಲಕ ಕಿಡ್ನಿ ಕಲ್ಲು ತೆಗೆಯುವ ಸರ್ಜರಿ) ಪಂಕ್ಚರ್ ಯಾರು ಮಾಡುತ್ತಾರೆ? ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಎಕ್ಸ್‌ರೇ ಪರದೆ ನೋಡುತ್ತಾ ಕಿಡ್ನಿಯ ಸರಿಯಾದ ಮೂಲೆಗೆ ತಲುಪಬೇಕು. ಸ್ವಲ್ಪ ತಪ್ಪಿದರೂ ರಕ್ತ ಜೋರಾಗಿ ಹರಿಯಬಹುದು. ಪಕ್ಕದಲ್ಲಿ ಸುಮ್ನೆ ನಿಂತು ನೋಡಿದರೆ ಇದು ಬರುವುದಿಲ್ಲ. ಗುರುಗಳು ಪಕ್ಕದಲ್ಲಿದ್ದು, ಸೂಜಿ ವಿದ್ಯಾರ್ಥಿಯ ಕೈಯಲ್ಲಿರಬೇಕು. ಹೊಸ ಕಟ್ಟಡ, ದುಬಾರಿ ಯಂತ್ರ ನೋಡಿ ಮರುಳಾಗಬೇಡಿ.

ಇನ್ನೊಂದು, ಈಗಿಂದಲೇ ಮರಾಠಿ ಕಲಿಯಲಿ. ಮೂತ್ರದ ತೊಂದರೆ ಹೇಳಿಕೊಳ್ಳಲು ವಯಸ್ಸಾದವರು ಬಹಳ ನಾಚುತ್ತಾರೆ. ಅವರ ಭಾಷೆಯಲ್ಲೇ ಮೆಲ್ಲಗೆ ಕೇಳಿದರೆ ಬಾಯಿ ಬಿಡುತ್ತಾರೆ ಅಲ್ವಾ? ನಾನು ಧಾರವಾಡದಿಂದ ಬಂದವನು, ಡೊಂಬಿವಲಿಯಲ್ಲಿದ್ದೇನೆ. ಅವನು ಮುಂಬೈಗೆ ಬಂದಾಗ ಇಲ್ಲೇ ಬರೆಯಿರಿ, ಕೂತು ಮಾತಾಡೋಣ.