ಹಳೇ ಬೊಲೆರೊ ಪಿಕಪ್ ಸೈಲೆನ್ಸರ್ ತೂತು ಬಿದ್ದಿದೆ, ಸ್ಟ್ರೈಟ್ ಪೈಪ್ (ಸೈಲೆನ್ಸರೇ ಇಲ್ಲದ ನೇರ ಪೈಪ್) ಹಾಕಿಸಲಾ, ಫ್ರೀ ಫ್ಲೋ (ಹೊಗೆಯನ್ನ ಕಮ್ಮಿ ತಡೆಯೋ) ಸೈಲೆನ್ಸರ್ ಹಾಕಿಸಲಾ?

ಎರಡೂ ಬೇಡ. ನನ್ನ 2008ರ ಬೊಲೆರೊ ಕ್ಯಾಂಪರ್‌ದೂ ಇದೇ ಕಥೆ. ಅದೇ 2523 ಸಿಸಿ ಟರ್ಬೊ ಡೀಸೆಲ್, ತೂತು ಬಿದ್ದ ಸೈಲೆನ್ಸರ್, "ಹೇಗೂ ಬದಲಾಯಿಸ್ಬೇಕಲ್ಲ, ಜೊತೆಗೆ ಎಂಜಿನ್‌ಗೆ ಒಂಚೂರು ಎಳೆತವೂ ಬರಲಿ" ಅನ್ನೋ ಆಸೆ.

ನಮ್ಮದು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್, ಅಷ್ಟೇ ಓಡಾಟ. ಪೈಪ್ ಸರಿಯಾಗಿ ಕಾಯೋದೇ ಇಲ್ಲ. ಹೊಗೆಯಲ್ಲಿರೋ ನೀರು ಸೈಲೆನ್ಸರ್ ಹೊಟ್ಟೆಯಲ್ಲೇ ನಿಂತು ಒಳಗಿಂದ ತುಕ್ಕು ತಿನ್ನುತ್ತೆ, ಹೊರಗೆ ಎಷ್ಟು ಪೇಂಟ್ ಬಳಿದರೂ ಅಷ್ಟೇ.

ವೆಲ್ಡಿಂಗ್ ಅಂಗಡಿಯವನು ಎರಡೂವರೆ ಇಂಚಿನ ಪೈಪ್ ತಂದಿಟ್ಟ. "ಈ ಬೆಲ್ಲೋ ಹರಿದುಹೋಗಿದೆ ಸಾರ್, ಹೊಸದಕ್ಕೆ ಯಾಕೆ ದುಡ್ಡು, ಪೈಪನ್ನೇ ಸೀದಾ ಎಳೆದುಬಿಡ್ತೀನಿ" ಅಂದ. ಬೆಲ್ಲೋ ಅಂದ್ರೆ ಪೈಪಿನ ನಡುವೆ ಇರೋ ಬಳುಕೋ ತುಂಡು. ಜೋತುಬಿದ್ದಿದ್ದ ರಬ್ಬರ್ ಹ್ಯಾಂಗರ್‌ಗಳನ್ನೂ ಕಿತ್ತು ಕಬ್ಬಿಣದ ಪಟ್ಟಿ ಹೊಡೆದ. ನಾನು ಟೀ ಕುಡೀತಾ ಹೂಂ ಅಂದೆ. ನನ್ನನ್ನು ಮುಳುಗಿಸಿದ್ದು ಆ ಹೂಂ.

ಇದನ್ನ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ಡೀಸೆಲ್ ಬೇರೆ. ಆಫ್ ಮಾಡಿದಾಗ ಬಾನೆಟ್ ಎತ್ತಿ ನೋಡಿ, ಒದ್ದಾಡಿ ನಿಲ್ಲುತ್ತೆ. ಚಾಸಿ, ಅಂದ್ರೆ ಗಾಡಿಯ ಚೌಕಟ್ಟು, ಮಾತ್ರ ಅಲ್ಲಾಡಲ್ಲ. ಪೈಪಿನ ಒಂದು ತುದಿ ಎಂಜಿನ್‌ಗೆ, ಇನ್ನೊಂದು ಚಾಸಿಗೆ. ನಡುವಿನ ಆ ಓಲಾಟವನ್ನ ನುಂಗೋದೇ ಬೆಲ್ಲೋ ಮತ್ತು ರಬ್ಬರ್. ಅವೆರಡನ್ನೂ ತೆಗೆದರೆ ಓಲಾಟ ಎಲ್ಲಿಗೆ ಹೋಗ್ಬೇಕು? ಪೈಪು ಸನ್ನೆಕೋಲಿನ ಥರ ಟರ್ಬೊವನ್ನ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬೋದು) ಜಗ್ಗುತ್ತೆ, ಟರ್ಬೊ ಮ್ಯಾನಿಫೋಲ್ಡನ್ನ (ಎಂಜಿನ್‌ನಿಂದ ಹೊಗೆ ಹೊರಬರೋ ಮೊದಲ ಕೊಳವೆ) ಜಗ್ಗುತ್ತೆ. ಮ್ಯಾನಿಫೋಲ್ಡು ಬೀಡು ಕಬ್ಬಿಣ. ಅದು ಬಾಗಲ್ಲ, ಸೀಳುತ್ತೆ.

ಎರಡು ತಿಂಗಳಿಗೆ ಸೀಳ್ತು. ಮಂಗಳೂರಿಂದ ಮೀನುಗೊಬ್ಬರದ ಮೂಟೆ ಹೇರ್ಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಾ ಇದ್ದೆ. ಟಪ್ ಟಪ್ ಸದ್ದು, ಹಿಂದೆ ಕರಿಹೊಗೆ, ಸೆಕೆಂಡ್ ಗೇರಲ್ಲೂ ಎಳೀತಿಲ್ಲ. ಟರ್ಬೊಗೆ ಮುಂಚೆಯೇ ಹೊಗೆ ಸೋರಿದರೆ ಅದು ತಿರುಗೋದು ಹೇಗೆ? ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ. ಕ್ಯಾಬಿನ್ ಒಳಗೆ ಮೀನು ವಾಸನೆ ಜೊತೆ ಹೊಗೆ ವಾಸನೆ. ಮಳೆ ಸುರೀತಿದ್ರೂ ಎರಡೂ ಕಿಟಕಿ ಇಳಿಸ್ಕೊಂಡೇ ಊರು ಸೇರಿದೆ. ಮ್ಯಾನಿಫೋಲ್ಡು, ಮುರಿದ ಸ್ಟಡ್ಡು, ಗ್ಯಾಸ್ಕೆಟ್ಟು, ಕೂಲಿ ಸೇರಿ ಕಂಪನಿ ಸೈಲೆನ್ಸರ್ ಎರಡು ಸಲ ಕೊಳ್ಳೋವಷ್ಟು ಹೋಯ್ತು.

ಸದ್ದಿನ ಮೋಜಿಗೆ ಸ್ಟ್ರೈಟ್ ಪೈಪ್ ಹಾಕಿಸ್ತೀನಿ ಅಂದ್ರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಇದೆ, ಅದಕ್ಕಿಂತ ಹೆಚ್ಚು ನಾನೇನೂ ಹೇಳಲ್ಲ. ನನ್ನ ಕೇಳಿದ್ರೆ ಕಂಪನಿ ಅಳತೆಯದ್ದನ್ನೇ ಹಾಕಿಸಿ, ಹೊಸ ಬೆಲ್ಲೋ, ಹೊಸ ರಬ್ಬರ್ ಹಾಕಿಸಿ, ಎಂಜಿನ್ ಮೌಂಟಿಂಗ್ ಕೂತುಹೋಗಿದ್ರೆ ಅದನ್ನೂ ಬದಲಾಯಿಸಿ. ಅದಕ್ಕೂ ಮುಂಚೆ ಒಂದು ಕೆಲಸ: ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿಸಿ, ಒದ್ದೆ ಗೋಣಿಯನ್ನ ಪೈಪಿನ ಬಾಯಿಗೆ ಎರಡು ಕ್ಷಣ ಒತ್ತಿ ಹಿಡೀರಿ. ಬುಸ್ ಅಂತ ಎಲ್ಲಿ ಸದ್ದು ಬರುತ್ತೋ ಮೊದಲು ಅಲ್ಲಿಗೆ ದುಡ್ಡು ಹಾಕಿ.