ತಲೆಗೆ ಪೆಟ್ಟು ಬಿದ್ದ ಮೂರು ವಾರಕ್ಕೆ ಮೂಗಿನಿಂದ ರಕ್ತ

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಬುರುಡೆಯ ತಳದ ಮೂಳೆ ಬಿರುಕು ಬಿಟ್ಟಿತ್ತು. ಹುಷಾರಾಗಿ ಮನೆಗೂ ಬಂದಿದ್ದ. ಮೂರು ವಾರದ ಮೇಲೆ ಮೂಗಿನಿಂದ ಧಾರಾಕಾರ ರಕ್ತ ಬಂತು. ಈಗ ನಿಂತಿದೆ. ಆಂಜಿಯೋಗ್ರಾಂ ಮಾಡಿ, ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ಉಬ್ಬು, ಇದೆ ಅಂದಿದ್ದಾರೆ. ಒಂದೆರಡು ತಿಂಗಳು ಸುಧಾರಿಸಿಕೊಳ್ಳಲಿ ಅಂತ ಮನೆಯವರು ಹೇಳ್ತಾರೆ. ಆಮೇಲೆ ಆಪರೇಷನ್ ಮಾಡಿ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದರೆ ಸಾಕಲ್ವಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಕಾಯಬೇಡಿ. ರಕ್ತ ನಿಂತಿದೆ ಅಂದರೆ ಅಪಾಯ ಕಳೆಯಿತು ಅಂತಲ್ಲ. ಇನ್ನೊಮ್ಮೆ ಒಡೆದರೆ ಜೀವಕ್ಕೇ ಕುತ್ತು.

ಸಾಮಾನ್ಯ ಅನ್ಯೂರಿಸಂನಲ್ಲಿ ರಕ್ತನಾಳದ ಗೋಡೆ ತೆಳುವಾಗಿ, ಸವೆದ ಟ್ಯೂಬಿನ ಹಾಗೆ ಉಬ್ಬಿರುತ್ತದೆ. ಪೆಟ್ಟಿನಿಂದ ಆದದ್ದು ಹೆಚ್ಚಾಗಿ ಹಾಗಲ್ಲ. ಗೋಡೆ ಹರಿದೇ ಹೋಗಿರುತ್ತದೆ. ಸುತ್ತ ಹೆಪ್ಪುಗಟ್ಟಿದ ರಕ್ತ ಮಾತ್ರ ಅದನ್ನು ತಡೆದಿರುತ್ತದೆ. ಕ್ಲಿಪ್ ಹಾಕಲು ಗಟ್ಟಿಯಾದ ಬುಡವೇ ಇರುವುದಿಲ್ಲ. ಜೊತೆಗೆ ನಿಮ್ಮ ತಮ್ಮನಿಗೆ ಆಗಿರುವುದು ಮೂಳೆಯ ಮರೆಯಲ್ಲಿರುವ ಜಾಗದಲ್ಲಿ. ಕ್ಲಿಪ್ ಅಲ್ಲಿಗೆ ಸುಲಭಕ್ಕೆ ತಲುಪುವುದಿಲ್ಲ.

ಹಾಗಾಗಿ ಈಗ ಹೆಚ್ಚಾಗಿ ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ಕೊಳವೆ ಕಳಿಸಿ ಒಳಗಿನಿಂದಲೇ ಸರಿಪಡಿಸುತ್ತಾರೆ. ಸ್ಟೆಂಟ್ ಹಾಕಬಹುದು. ಆದರೆ ಅದಕ್ಕೆ ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕು, ಈಗಷ್ಟೇ ರಕ್ತ ಸುರಿದವರಿಗೆ ಅದೂ ಯೋಚನೆಯ ವಿಷಯ. ಇಲ್ಲವೇ ಆ ರಕ್ತನಾಳವನ್ನೇ ಕಾಯಿಲ್ (ಲೋಹದ ಸಣ್ಣ ಸುರುಳಿ) ತುಂಬಿ ಮುಚ್ಚಬಹುದು. ಮುಚ್ಚುವ ಮೊದಲು, ಸಮಯವಿದ್ದರೆ, ರೋಗಿ ಎಚ್ಚರವಾಗಿರುವಾಗಲೇ ಆ ರಕ್ತನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ರಕ್ತ ತಡೆದು ನೋಡುತ್ತಾರೆ. ಮಾತಾಡಿಸುತ್ತಾರೆ, ಕೈ ಎತ್ತಿಸುತ್ತಾರೆ. ಮಾತು ತೊದಲಿದರೆ, ಕೈ ಸೋತರೆ ತಕ್ಷಣ ಬಲೂನು ಇಳಿಸುತ್ತಾರೆ. ಅಂಥವರಿಗೆ ಮೊದಲು ಬೈಪಾಸ್ ಬೇಕಾಗುತ್ತದೆ. ಕಾಲಿನ ಅಥವಾ ಮುಂಗೈಯ ರಕ್ತನಾಳ ತೆಗೆದು ಮೆದುಳಿಗೆ ಬೇರೆ ದಾರಿ ಮಾಡಿಕೊಟ್ಟು, ಆಮೇಲೆ ಹರಿದ ಭಾಗವನ್ನು ಎರಡೂ ಕಡೆ ಕಟ್ಟುತ್ತಾರೆ. ದೊಡ್ಡ ಆಪರೇಷನ್, ನಿಜ. ಸುಮ್ನೆ ಬಿಡುವುದು ಅದಕ್ಕಿಂತ ಅಪಾಯ.

ಬೇರೆ ಓದುಗರಿಗೂ ಒಂದು ಮಾತು. ತಲೆಗೆ ಪೆಟ್ಟಾದವರಿಗೆ ವಾರಗಳ ನಂತರ ಮೂಗಿನಿಂದ ಜಾಸ್ತಿ ರಕ್ತ ಬಂದರೆ, ಅದರಲ್ಲೂ ಒಂದು ಕಣ್ಣು ಮಂಜಾಗಿದ್ದರೆ, ಬರೀ ಮೂಗಿಗೆ ಬಟ್ಟೆ ತುರುಕಿಸಿಕೊಂಡು ಮನೆಗೆ ಬರಬೇಡಿ. ಮೊದಲ ಸ್ಕ್ಯಾನ್ ಸರಿಯಿತ್ತು ಅಂತ ಸಮಾಧಾನವೂ ಬೇಡ, ಈ ಉಬ್ಬು ಆಮೇಲೂ ಕಾಣಿಸಿಕೊಳ್ಳಬಹುದು. ಕೂರಿಸಿ ಮುಂದಕ್ಕೆ ಬಾಗಿಸಿ, 108ಕ್ಕೆ ಫೋನ್ ಮಾಡಿ. ಡ್ಯೂಟಿ ಡಾಕ್ಟರಿಗೆ ಹಳೆಯ ಪೆಟ್ಟಿನ ವಿಷಯವನ್ನೇ ಮೊದಲು ಹೇಳಿ.